ಕೊಕ್ಕೆಯಿಲ್ಲದ ಗಾಳ

ಹೊಳೆದಂಡೆಯ ಮನೆ, ನೇಸ್
ಆಗಸ್ಟ್ ೧೯, ಸೋಮವಾರ

ಪ್ರೀತಿಯ ರಗ್ನಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನದಿ ಸಂಘದ ಅಧ್ಯಕ್ಷೆಯ ದನಿಯಲ್ಲಿ ಮಾತಾಡುತ್ತೀ, ನನ್ನ ಮಗಳ ದನಿ ಕೇಳಿಸುವುದೇ ಇಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ, ಅದೊಂದು ಅನುಕೂಲ.

ಮೊದಲು ಮನೆಯ ಸುದ್ದಿ. ಆಲೂಗಡ್ಡೆ ಈ ಸಲ ಗೋಲಿಯಷ್ಟೇ ಆಗಿದೆ. ನನ್ನ ಬಲಭುಜ ಮೇಲೇಳುವುದಿಲ್ಲ, ಬಟ್ಟೆಯನ್ನೆಲ್ಲ ಎಡಗೈಯಲ್ಲೇ ಒಣಹಾಕುತ್ತೇನೆ. ಇಷ್ಟು ವರ್ಷ ಮೀನು ಹಿಡಿಯಲು ಬರುವ ಪರವೂರಿನವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆಗೆ ಅಡ್ಡಡ್ಡ ಹುಟ್ಟು ಹಾಕಿದ್ದಕ್ಕೆ ಸಿಕ್ಕ ಬಹುಮಾನ ಇದು. ನಿನ್ನಪ್ಪ ಊಟ ಮಾಡುತ್ತಾರೆ, ಮಲಗುತ್ತಾರೆ. ಮೊನ್ನೆ ತಮ್ಮ ಬೂಟುಗಳನ್ನು ಫ್ರಿಜ್ಜಿನಲ್ಲಿಟ್ಟು, ಬೂಟು ಕದ್ದವಳು ನಾನೇ ಎಂದು ಇಡೀ ಬೆಳಿಗ್ಗೆ ನನ್ನನ್ನು ಬೈದರು. "ಯಾರಮ್ಮ ನೀನು, ನಮ್ಮನೇಲಿ ಏನು ಮಾಡ್ತಿದ್ದೀಯ?" ಎಂದು ಕೇಳುವುದು ಈಗ ದಿನದ ಪಾಠ. ನಾನು ಕಾಫಿ ಮಾಡುವವಳು ಅನ್ನುತ್ತೇನೆ. ಹಾಗಾದರೆ ಸರಿ ಅನ್ನುತ್ತಾರೆ.

ಹಾಂ, ನಿನ್ನ ಹುಟ್ಟುಹಬ್ಬಕ್ಕೆ ಕಳಿಸಿದ ನೀಲಿ ಮುಚ್ಚಳದ ಡಬ್ಬಿ ಇನ್ನೂ ವಾಪಸು ಬಂದಿಲ್ಲ. ಕಾಡಿನಲ್ಲಿ ಹಣ್ಣು ಕೀಳುವ ಕಾಲ ಬಂತು, ನನಗೆ ಅದು ಬೇಕು. ಅಂಚೆಯಲ್ಲಾದರೂ ಕಳಿಸು.

ಇನ್ನು ನಿಮ್ಮ ನದಿ ಸಂಘದ ಸಭೆಯ ವಿಷಯ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು, ಅದು ನನ್ನಲ್ಲಿ ಉಳಿದಿಲ್ಲ. ಎದುರುದಂಡೆಯ ಆರ್ನ್‌ಫಿನ್ ಬಾಯ್ತುಂಬ ವಾಫಲ್ ತುಂಬಿಕೊಂಡೇ ಎದ್ದು ನಿಂತನಲ್ಲ. "ಕಣ್ಣಾರೆ ಕಂಡಿದ್ದೀನಿ ನಾನು. ಜುಲೈ ತಿಂಗಳಲ್ಲಿ, ಹಿಡಿದಿದ್ದನ್ನೆಲ್ಲ ಬಿಡ್ಬೇಕು ಅಂತ ಬೋರ್ಡು ಹಾಕಿದ ಮೇಲೆ, ಗುನ್ವೋರ್ ದೋಣೀಲಿ ಇಷ್ಟುದ್ದದ ಮೀನು ಮನೆಗೆ ಹೋಯ್ತು. ರೂಲು ಅನ್ನೋದು ನಮಗೊಬ್ರಿಗೇನಾ, ಅಧ್ಯಕ್ಷರ ತಾಯಿಗಿಲ್ವಾ?" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ನೋವಾದದ್ದು ಆಮೇಲೆ. ನೀನು ಕಾಗದದಿಂದ ತಲೆಯೆತ್ತಿ, "ಗುನ್ವೋರ್ ಅವರೇ, ಇದು ನಿಜವೇ?" ಎಂದು ಕೇಳಿದೆ. ಹೆತ್ತವಳನ್ನು ಹೆಸರು ಹಿಡಿದು ಕರೆದೆ, ರಗ್ನಾ. ಅಷ್ಟು ಜನರ ಮುಂದೆ ಹಾಗೆ ಕರೆಯದೆ ನಿನಗೆ ಬೇರೆ ದಾರಿ ಇರಲಿಲ್ಲವೆಂದು ಗೊತ್ತು.

ನಿಜ, ನಾನೇ ಕೊಂದೆ ಅಂದೆ. ಮೀನು ಎಲ್ಲಿ ಹೋಯಿತು ಎಂದು ನೀನು ಕೇಳಿದೆ. ಅದಕ್ಕೆ ನಾನು ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಹೋಟ್ಲಿಗೆ ಮಾರಿರ್ತಾಳೆ, ಬಿಡ್ರಿ" ಅಂದದ್ದು ನಿನಗೂ ಕೇಳಿಸಿತು. ಈ ವರ್ಷವೂ ಬರುವ ವರ್ಷವೂ ನಮ್ಮ ದೋಣಿ ನೀರಿಗಿಳಿಯಬಾರದು ಎಂದು ನೀನು ಓದಿ ಹೇಳುವಾಗ ಅದೇ ಸಾಲನ್ನು ಎರಡು ಸಲ ಓದಿದೆ. ಅದನ್ನು ನಾನೊಬ್ಬಳೇ ಗಮನಿಸಿದೆ ಅಂದುಕೊಂಡಿದ್ದೇನೆ.

ಆ ದಿನ ಏನಾಯಿತೆಂದು ಈಗ ಹೇಳುತ್ತೇನೆ. ಓದಿದ ಮೇಲೆ ಒಲೆಗೆ ಹಾಕು.

ಅವತ್ತು ಬಂದಿದ್ದವನು ಸ್ವಿಟ್ಜರ್‌ಲೆಂಡಿನ ಉರ್ಸ್, ಪ್ರತಿವರ್ಷ ಬರುವ ಹಲ್ಲಿನ ಡಾಕ್ಟರು. ಅಪ್ಪನನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವಲ್ಲ, ದೋಣಿಯ ಮೂತಿಯಲ್ಲಿ ಕಂಬಳಿ ಹೊದಿಸಿ ಕೂರಿಸಿದ್ದೆ. ನೀರಿನ ಮೇಲೆ ಅವರು ಶಾಂತವಾಗಿರುತ್ತಾರೆ. ಮನೆಯಲ್ಲಿ ಕಳೆದುಹೋದ ಮನುಷ್ಯ ಅಲ್ಲಿ ಸ್ವಲ್ಪ ಸ್ವಲ್ಪ ಸಿಗುತ್ತಾರೆ.

ಉರ್ಸ್‌ನಿಗೆ ಒಂದು ಸಣ್ಣ ಸಾಲ್ಮನ್ ಬಿತ್ತು. ಕೊಕ್ಕೆ ನಾಲಗೆಯ ಬುಡಕ್ಕೆ ಸಿಕ್ಕಿತ್ತು. ನೀನು ಹೇಳಿಕೊಟ್ಟ ಹಾಗೆಯೇ ನೀರಿನಿಂದೆತ್ತದೆ, ಕೈ ಒದ್ದೆ ಮಾಡಿಕೊಂಡು ಬಿಡಿಸಿದೆ. ಹೋಯಿತು, ಆದರೆ ಓರೆಯಾಗಿ ಹೋಯಿತು. ಆತ ಕೈ ತೊಳೆದುಕೊಳ್ಳುತ್ತಲೇ ಇದ್ದ. "ನಮ್ಮ ಕಡೆ ಹೀಗೆ ಮಾಡಿದ್ರೆ ದಂಡ ಹಾಕ್ತಾರೆ, ಗೊತ್ತಾ? ತಿನ್ನೋದಾದ್ರೆ ಹಿಡೀಬೇಕು, ಇಲ್ಲಾಂದ್ರೆ ಗಾಳಾನೇ ಹಾಕ್ಬಾರ್ದು. ಇದು ಊಟದ ಜೊತೆ ಆಟ ಆಡಿದ ಹಾಗಾಯ್ತು, ನನ್ನಿಂದಾಗಲ್ಲ" ಅಂದ. ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳು. ಬಿಟ್ಟ ಮೀನಿನಲ್ಲಿ ಹೆಚ್ಚಿನವು ಬದುಕುತ್ತವೆ, ಬಿಡದಿದ್ದರೆ ಹೊಳೆ ಖಾಲಿಯಾಗುತ್ತದೆ ಎಂದು ನೀನು ಹೇಳುತ್ತೀ. ಅದೂ ಸರಿಯೇ, ಹೊಳೆ ಬರಿದಾಗುತ್ತಿರುವುದು ನನ್ನ ಕಣ್ಣಿಗೂ ಕಾಣುತ್ತದೆ. ಅಳಿವೆಯಾಚೆ ಪಂಜರಗಳಲ್ಲಿ ಮೀನು ಸಾಕುವವರಿಗೆ ಯಾರೂ ಬಿಡು ಅನ್ನುವುದಿಲ್ಲ ಎನ್ನುವುದೂ ಕಾಣುತ್ತದೆ. ನನಗೆ ವಾದ ಸಾಕಾಗಿದೆ ಮಗಳೇ. ಇಬ್ಬರು ವಾದ ಮಾಡುವಾಗ ಮಧ್ಯೆ ಕೂತು ಹುಟ್ಟು ಹಾಕಿದವಳು ನಾನು.

ಉರ್ಸ್ ದಂಡೆಗಿಳಿದು ತಾನು ಇಳಿದುಕೊಂಡಿದ್ದ ಗುಡಿಸಲಿಗೆ ಹೊರಟ. ಹೋಗುವಾಗ ಅಪ್ಪನ ಭುಜ ತಟ್ಟಿ, "ಒಳ್ಳೇದಾಗ್ಲಿ, ದೊಡ್ಡ ಮೀನು ಬೀಳ್ಲಿ" ಅಂದ. ನಮ್ಮವರಾರಾದರೂ ಹಾಗೆ ಅನ್ನುತ್ತಾರೆಯೇ? ಹಾಳು ಮೀನು ಸಿಗಲಿ ಎಂದು ಶಪಿಸಿ ಕಳಿಸಬೇಕು, ಹಾರೈಸಿದರೆ ಕೇಡು. ಅಪ್ಪ ನೀರಿಗೆ ಮೂರು ಸಲ ಉಗುಳಿದರು. ಅಷ್ಟು ಮಾತ್ರ ಅವರಿಗೆ ಮರೆತಿಲ್ಲ.

ನಾನು ದೋಣಿಯನ್ನು ಮನೆಯ ಕಡೆಗೆ ತಿರುಗಿಸಿದೆ. ದೋಣಿಯ ಹಿಂದೆ ನೀರಿನಲ್ಲಿದ್ದ ಉರ್ಸ್‌ನ ಇನ್ನೊಂದು ಗಾಳವನ್ನು ಒಳಗೆಳೆದುಕೊಳ್ಳದೆ ಬಿಟ್ಟದ್ದು ನನ್ನ ಸೋಮಾರಿತನ, ಭುಜ ನೋಯುತ್ತಿತ್ತು. ದೊಡ್ಡ ಬಂಡೆಯ ಕೆಳಗೆ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ನಾನು ಹುಟ್ಟು ಬಿಡುವಷ್ಟರಲ್ಲಿ ಅಪ್ಪ ಕಂಬಳಿ ಒದ್ದು ಎದ್ದು, ಕೋಲು ಹಿಡಿದಾಗಿತ್ತು.

ಏನು ಹೇಳಲಿ ರಗ್ನಾ. ಆ ಮನುಷ್ಯ ವಾಪಸು ಬಂದರು. "ಎಡಕ್ಕೆ ಹೊಡಿ! ಎಡಕ್ಕೆ ಅಂದ್ನಲ್ಲ! ಕಿವಿ ಮನೇಲಿಟ್ಟು ಬಂದ್ಯಾ, ಗುನ್ವೋರ್?" ಎಂದು ಕೂಗಿದರು. ಈಸ್ಟರ್ ಹಬ್ಬದಿಂದೀಚೆಗೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿರಲಿಲ್ಲ. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ. ದಾರ ಕತ್ತರಿಸಬಹುದಿತ್ತು, ಚಾಕು ಸೊಂಟದಲ್ಲೇ ಇತ್ತು. ನಾನು ಕತ್ತರಿಸಲಿಲ್ಲ. ಅವರು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಹುಟ್ಟು ಹಾಕಿದೆ.

ದಂಡೆ ಮುಟ್ಟಿದಾಗ, ಬಿಡಿ, ಇದನ್ನು ಬಿಡಬೇಕು ಎಂದು ಹೇಳಿದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಬಿಡೋದಾ? ಯಾಕೆ? ಹುಳ ಬಿದ್ದಿದ್ಯಾ ಅದಕ್ಕೆ?" ಅಂದವರೇ, ನಾನು ದೋಣಿ ಕಟ್ಟುವಷ್ಟರಲ್ಲಿ ಸಣ್ಣ ದೊಣ್ಣೆಯಿಂದ ತಲೆಗೆ ಒಂದೇ ಏಟು ಹಾಕಿದರು. ಅರವತ್ತು ವರ್ಷ ಮಾಡಿದ ಕೆಲಸ, ಕೈ ತಪ್ಪಲಿಲ್ಲ. ಹೆಣ್ಣು ಮೀನು. ಹೊಟ್ಟೆ ಸೀಳಿದಾಗ ಸಾಸಿವೆಯಷ್ಟು ಸಣ್ಣ ಸಣ್ಣ ತತ್ತಿ. ಅದನ್ನು ನೋಡಿ ನಾನು ಅತ್ತೆ, ನಿನ್ನ ರೂಲಿಗೋಸ್ಕರ ಅಲ್ಲ, ಆ ಹೊಳೆಗೋಸ್ಕರ ಅತ್ತೆ. ಅಪ್ಪ ಮಾತ್ರ ಸಿಳ್ಳೆ ಹಾಕುತ್ತಾ ಕಲ್ಲಿನ ಮೇಲೆ ಕೂತಿದ್ದರು.

ಸಭೆಯಲ್ಲಿ ಅವರ ಹೆಸರು ಹೇಳಿದ್ದರೆ ಏನಾಗುತ್ತಿತ್ತು? ಬುದ್ಧಿ ಸ್ಥಿಮಿತದಲ್ಲಿಲ್ಲದವರನ್ನು ದೋಣಿ ಹತ್ತಿಸಿದ್ದೇಕೆ ಎಂದು ಕೇಳುತ್ತಿದ್ದರು. ಮನೆಗೆ ಬಂದು ನೋಡಿಕೊಳ್ಳುವ ನರ್ಸಿಗೂ ಸುದ್ದಿ ಮುಟ್ಟುತ್ತಿತ್ತು. ಆಮೇಲೆ ಅವರು ನೀರು ಕಾಣುವುದು ವೃದ್ಧಾಶ್ರಮದ ಕಿಟಕಿಯಿಂದ, ಅದೂ ಕಂಡರೆ. ಅದಕ್ಕಿಂತ ನಾನು ಕಳ್ಳಿಯಾಗುವುದೇ ವಾಸಿ ಅನ್ನಿಸಿತು.

ಇನ್ನೊಂದು ವಿಷಯ. ನೀನು ದೋಣಿ ಇಳಿಸಬೇಡ ಅಂದೆ, ನಾನು ಇಳಿಸುತ್ತಿದ್ದೇನೆ. ಸಂಜೆ ಊಟವಾದ ಮೇಲೆ, ನಮ್ಮ ದಂಡೆಗುಂಟ ಮಾತ್ರ. ಇಕ್ಕಳದಿಂದ ಗಾಳದ ಕೊಕ್ಕೆಯನ್ನು ಕತ್ತರಿಸಿದ್ದೇನೆ. ದಾರದ ತುದಿಯಲ್ಲಿ ಬರೀ ಹೊಳೆಯುವ ತಗಡು. ನೀರಿನ ಸೆಳೆತ ಕೈಗೆ ತಗಲುತ್ತದೆ, ಅಪ್ಪನಿಗೆ ಅಷ್ಟು ಸಾಕು. "ಇವತ್ತೂ ಕಚ್ಲಿಲ್ಲ ಕಣೇ" ಅನ್ನುತ್ತಾರೆ. ನಾಳೆ ನೋಡೋಣ ಅನ್ನುತ್ತೇನೆ. ಮೀನಿಗೆ ಮೋಸವಿಲ್ಲ, ಗಂಡನಿಗೆ ದಿನಾ ಮೋಸ. ನಿನ್ನ ಶಾಸ್ತ್ರದಲ್ಲಿ ಇದಕ್ಕೆ ಯಾವ ರೂಲು ಇದೆಯೋ ನನಗೆ ತಿಳಿಯದು.

ಆರ್ನ್‌ಫಿನ್ ಇವತ್ತಲ್ಲ ನಾಳೆ ನೋಡುತ್ತಾನೆ, ದೂರು ನಿನ್ನ ಮೇಜಿಗೇ ಬರುತ್ತದೆ. ಕ್ಷಮಿಸು ಎಂದು ಕೇಳುತ್ತಿಲ್ಲ. ಅತಿಥಿಗಳು ನನಗೆ ಬೇಡ, ಅವರನ್ನು ದೋಣಿಯಲ್ಲಿ ಕೂರಿಸುವ ಪರವಾನಗಿಯನ್ನು ನೀನೇ ಇಟ್ಟುಕೋ, ಭುಜಕ್ಕೂ ಅದು ಸಾಕಾಗಿದೆ. ಚಳಿ ಬರುವ ತನಕ ಸಂಜೆ ಹೊತ್ತು ಅಪ್ಪನನ್ನು ಕೂರಿಸಿಕೊಂಡು ಹೋಗಲು ಬಿಡು. ದೂರು ಬಂದಾಗ ನೀನೇ ಬಂದು ಆ ಗಾಳ ಮುಟ್ಟಿ ನೋಡು. ಆಮೇಲೂ ಬೇಡ ಅಂದರೆ ದೋಣಿಯನ್ನು ಕವುಚಿ ಹಾಕುತ್ತೇನೆ, ನಿನ್ನಾಣೆ.

ಹೆಚ್ಚಿಗೆ ಬರೆಯಲು ಕೈ ಸಾಗದು. ನಿನಗೂ ನಿನ್ನ ಸಂಘಕ್ಕೂ ಹಾಳು ಮೀನು ಸಿಗಲಿ.

ನಿನ್ನ ಅಮ್ಮ,
ಗುನ್ವೋರ್

ಮರೆತ ಮಾತು: ಆ ಮೀನು ಎಲ್ಲಿ ಹೋಯಿತೆಂದು ಎಲ್ಲರೆದುರು ಕೇಳಿದೆಯಲ್ಲ, ಆಗ ನಾನು ಬಾಯಿ ಬಿಡದೇ ಇದ್ದದ್ದು ನಿನ್ನ ಮಾನಕ್ಕೋಸ್ಕರ. ಅವತ್ತು ದಂಡೆಯ ಮೇಲೆ ಅಪ್ಪ ಮೀನಿನ ನಡುಭಾಗವನ್ನು ಬೆರಳಿನಿಂದ ಅಳೆದು, "ಇದು ರಗ್ನಾಗೆ. ಅವಳ ಹುಟ್ಟುಹಬ್ಬ ಬಂತಲ್ಲ, ಉಪ್ಪು ಸಬ್ಬಸಿಗೆ ಹಚ್ಚಿ ಕಳಿಸು" ಅಂದರು. ದಿನವನ್ನೂ ಸರಿಯಾಗಿ ಹೇಳಿದರು. ನೀಲಿ ಮುಚ್ಚಳದ ಡಬ್ಬಿಯಲ್ಲಿ ಬಂದದ್ದು ಅದೇ. ಹೋದ ವರ್ಷದ್ದು, ಫ್ರೀಜರಿನಲ್ಲಿತ್ತು ಎಂದು ನಿನಗೆ ಸುಳ್ಳು ಹೇಳಿದವಳು ನಾನು. ಇಂಥ ರುಚಿಯ ಮೀನು ಇನ್ನು ಮುಂದೆ ತಿನ್ನಲು ಸಿಗುತ್ತದೋ ಇಲ್ಲವೋ ಎಂದು ನೀನು ಫೋನಿನಲ್ಲಿ ಅಂದಾಗ ಅವರು ಪಕ್ಕದಲ್ಲೇ ಕೂತು ನಗುತ್ತಿದ್ದರು. ಆಮೇಲೆ ಅವರು ನಿನ್ನ ಹೆಸರು ಹೇಳಿಲ್ಲ. ಡಬ್ಬಿಯನ್ನು ಅಂಚೆಯಲ್ಲಿ ಕಳಿಸಬೇಡ, ನೀನೇ ತಾ.