ಎರೆಬಾವಿಯ ಏಳು ನಿಮಿಷ

ಎರೆಬಾವಿ, ಮೂಡಣ ದಂಡೆ
ಬಿಸಿಲುಗಾಲದ ಆರನೆಯ ತಿಂಗಳು, ಇಸವಿ 2163

ಎರೆಬಾವಿಯ ಹಿರಿಯರಾದ ಹನ್ನೊಂದು ಜನರಿಗೆ ಬಸಲಿಂಗವ್ವ ಹೂಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ಹೆದ್ದಾರಿ ಅಗಲ ಮಾಡುವ ಸಭೆಗೆ ಹೋಗಿ ನೀವು ಅರ್ಜಿಗೆ ಸಹಿ ಮಾಡಿದ್ದು 2027ರಲ್ಲಿ. ಅದಕ್ಕೆ ನೂರಮೂವತ್ತಾರು ವರ್ಷ ಆಚೆ ಕೂತು ನಾನು ಬರೆಯುತ್ತಿದ್ದೇನೆ. ನನಗೆ ಅರವತ್ತೊಂಬತ್ತು ವರ್ಷ. ಹಿಂದಕ್ಕೆ ಹೋಗುವ ಅಂಚೆ ನಮ್ಮ ಕಾಲದಲ್ಲೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನನ್ನ ಮಾತು ನಿಮಗೆ ವಿಚಿತ್ರ ಅನಿಸಿದರೆ ಕ್ಷಮೆ ಇರಲಿ. ಕೆಲವು ಶಬ್ದಗಳು ನಿಮ್ಮ ನಂತರ ಹುಟ್ಟಿದವು. ನಿಮ್ಮವು ಎಷ್ಟೋ ಹೋದವು. ‘ಅಡ್ಡಾಡಿ ಬರುತ್ತೇನೆ’ ಎಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ನಿಮ್ಮ ಕಾಲದ ಹೆದ್ದಾರಿಯನ್ನು ನಾವು ಹಿರಿದಾರಿ ಎನ್ನುತ್ತೇವೆ. ನಿಮ್ಮೆದುರಿಗೆ ಆರು ಪಟ್ಟಿಯಾಯಿತು. ಆಮೇಲೆ ಹತ್ತಾಯಿತು, ಹದಿನಾರಾಯಿತು, ಈಗ ಇಪ್ಪತ್ತನಾಲ್ಕು. ಪ್ರತಿ ಸಲವೂ ವಾಹನಗಳ ದಟ್ಟಣೆ ಇಳಿಸಲೆಂದೇ ಅಗಲ ಮಾಡಿದರು. ಪ್ರತಿ ಸಲವೂ ನಾಲ್ಕೈದು ವರ್ಷ ಸಡಿಲವಾಗಿದ್ದು ಮತ್ತೆ ತುಂಬಿಕೊಂಡಿತು. ದಾರಿ ಕೆಟ್ಟದ್ದೆಂದು ನಾನು ಹೇಳಲಾರೆ. ಹುಬ್ಬಳ್ಳಿಯಿಂದ ಹಾವೇರಿಗೆ ಇಪ್ಪತ್ತೈದು ನಿಮಿಷ. ಗಾಡಿಗಳಿಗೆ ಡ್ರೈವರ್ ಇಲ್ಲ. ನಲವತ್ತು, ಐವತ್ತು ಗಾಡಿಗಳು ಕಾಣದ ಹಗ್ಗ ಕಟ್ಟಿದಂತೆ ಒಂದರ ಹಿಂದೆ ಒಂದು ಓಡುತ್ತವೆ. ಇದನ್ನು ಸರಪಳಿ ಎನ್ನುತ್ತೇವೆ. ಗಾಡಿಯೊಳಗೆ ಕೂತವರು ಯಾರೂ ಸಾಯದೆ ಮೂವತ್ತು ವರ್ಷವಾಯಿತು. ದಾರಿ ಮಂಡಳಿ ಪ್ರತಿ ವರ್ಷ ಆ ಸುದ್ದಿಯನ್ನು ಸಂಭ್ರಮದಿಂದ ಹೇಳುತ್ತದೆ, ಮತ್ತು ಅದು ಸುಳ್ಳಲ್ಲ. ಕಾಲ್ನಡಿಗೆಯಲ್ಲಿ ದಾಟುವಾಗ ಸತ್ತವರನ್ನು ಮಾತ್ರ ಬೇರೆ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕದಲ್ಲಿ ನಮ್ಮ ಹೆಸರು ‘ಅಡ್ಡ ವಸ್ತು’.

ನಮ್ಮ ಮನೆಗಳಿರುವುದು ಮೂಡಣ ದಂಡೆಗೆ. ಹೊಲ, ಶಾಲೆ, ದವಾಖಾನೆ, ಕುಡಿಯುವ ನೀರಿನ ಟಾಕಿ ಎಲ್ಲ ಪಡುವಣಕ್ಕೆ. ನಡುವೆ ನೂರಅರವತ್ತು ಮೀಟರ್ ದಾರಿ, ಎರಡೂ ಬದಿಗೆ ಎರಡಾಳೆತ್ತರದ ತಂತಿಬೇಲಿ. ಗಾಡಿಗಳು ಇಳಿಯುವ ಕವಲು ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿದೆ, ಅಲ್ಲಿ ನಡೆದು ದಾಟಲು ಅಪ್ಪಣೆಯಿಲ್ಲ. ಅದಕ್ಕೇ ನಮಗೆ ದಿನಕ್ಕೆರಡು ತೆರವು ಕೊಟ್ಟಿದ್ದರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಸರಪಳಿಗಳನ್ನು ದೂರದಲ್ಲೇ ನಿಧಾನ ಮಾಡಿ, ಏಳು ನಿಮಿಷ ದಾರಿ ಖಾಲಿ ಬಿಡುತ್ತಿದ್ದರು. ಬೇಲಿಯಲ್ಲಿ ಒಬ್ಬರಷ್ಟೇ ಹಾಯುವ ಬಾಗಿಲು. ಬಾಗಿಲು ತೆರೆದು ಜನರನ್ನು ದಾಟಿಸುವ ಕೆಲಸ ನನ್ನದು. ನನ್ನನ್ನು ದಾಟುಗಾರ್ತಿ ಎನ್ನುತ್ತಿದ್ದರು. ಆಚೆ ದಂಡೆಯ ದಾಟುಗಾರ್ತಿ ಇಮಾಂಬಿ ನದಾಫ. ನಾಲ್ಕು ಹೆಜ್ಜೆ ದೂರ ನಿಂತರೂ ಮಾತು ಕೇಳದಷ್ಟು ದಾರಿಯ ಸದ್ದು. ಹಾಗಾಗಿ ಎರೆಬಾವಿಯಲ್ಲಿ ಎಲ್ಲರಿಗೂ ಕೈಮಾತು ಬರುತ್ತದೆ. ನೀರು, ಜ್ವರ, ಹೆರಿಗೆ, ಬಾ, ಬೇಡ, ಎಲ್ಲಕ್ಕೂ ಒಂದೊಂದು ಕೈಸನ್ನೆ. ಹುಡುಗಿಯರು ಈ ದಂಡೆಯಿಂದ ಆ ದಂಡೆಗೆ ಕೈಯಲ್ಲೇ ಜಗಳ ಆಡುವುದನ್ನು ನೋಡಿ ನಾನು ನಕ್ಕಿದ್ದೇನೆ.

ಐದು ವರ್ಷದ ಹಿಂದೆ ಮಂಡಳಿಯಿಂದ ಒಂದು ಪತ್ರ ಬಂತು. ತೆರವಿನಿಂದಾಗಿ ಹಿಂದೆ ಹನ್ನೆರಡು ಕಿಲೋಮೀಟರ್ ದಟ್ಟಣೆ ಆಗುತ್ತಿದೆ, ಆದ್ದರಿಂದ ಏಳು ನಿಮಿಷವನ್ನು ಮೂರಕ್ಕೆ ಇಳಿಸಲಾಗಿದೆ ಎಂದಿತ್ತು. ದಾಟಲಾಗದೆ ಉಳಿದವರ ಅನುಕೂಲಕ್ಕೆ ದಾರಿಯ ನಡುವೆ ಎರಡು ಅಡಿ ಅಗಲದ ಕಟ್ಟೆ ಕಟ್ಟಿಕೊಟ್ಟರು. ನಾವು ಅದನ್ನು ನಡುಗಡ್ಡೆ ಎಂದೆವು. ಅಲ್ಲಿ ಸಿಕ್ಕಿಕೊಂಡವರು ಮುಂದಿನ ತೆರವಿನವರೆಗೆ ನಿಂತಿರಬೇಕು. ಮೊದಲ ವಾರ ಇಬ್ಬರು ನಿಂತರು, ತಲೆಸುತ್ತಿ ಬಂದರು, ಬದುಕಿದರು. ನಾನು ಗಟ್ಟಿಮುಟ್ಟಾದವರನ್ನು ಹಿಂದಿಟ್ಟು ವಯಸ್ಸಾದವರನ್ನು ಮುಂದೆ ಬಿಡತೊಡಗಿದೆ.

ನನ್ನ ಗಂಡ ಗದಿಗೆಪ್ಪ ಹೂಗಾರನಿಗೆ ಆಗ ಅರವತ್ತೆಂಟು. ಪಡುವಣದ ಹೊಲದಲ್ಲಿ ಸೇವಂತಿಗೆ ಬೆಳೆಯುತ್ತಿದ್ದ. ಬಲ ಮೊಣಕಾಲು ಕೆಟ್ಟಿತ್ತು, ಆದರೆ ಮುದುಕರ ಸಾಲಿನಲ್ಲಿ ನಿಲ್ಲಲು ಅವನಿಗೆ ನಾಚಿಕೆ. ಒಂದು ದಿನ ಬೆಳಗಿನ ತೆರವಿಗೆ ಎಂದಿನಂತೆ ಮುಂದಿನ ಸಾಲಿಗೆ ಬಾ ಎಂದು ಕರೆದೆ. “ನನಗೇನಾಗೇತಿ, ನಡೀ ನೀ” ಅಂದ. ಮೂವತ್ತೆರಡು ಜನ ಇದ್ದರು. ನಾನು ಮುಂದೆ ನಡೆದೆ, ಅವನು ಕೊನೆಯಲ್ಲಿದ್ದ. ಪಡುವಣದ ಬಾಗಿಲಲ್ಲಿ ನಿಂತು ಎಣಿಸುವಾಗ ಮೂವತ್ತೊಂದೇ ಬಂತು. ತಿರುಗಿ ನೋಡಿದರೆ ಅವನು ನಡುಗಡ್ಡೆಯ ಮೇಲೆ ಮೊಣಕಾಲು ಹಿಡಿದುಕೊಂಡು ನಿಂತಿದ್ದ. ಕಾಲು ಅಲ್ಲೇ ಗಟ್ಟಿಯಾಗಿ ಮಡಿಸಲಾಗದಂತೆ ಆಗಿತ್ತು. ನಾನು ವಾಪಸು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು, ಸರಪಳಿ ಬಂತು.

ಪ್ರತಿ ಬಾಗಿಲ ಪಕ್ಕದಲ್ಲೂ ಇಬ್ಬರು ನಿಲ್ಲುವಷ್ಟು ಗಾಜಿನ ಗೂಡೊಂದಿದೆ, ಅದರೊಳಗೆ ಒಂದು ಫೋನ್, ಒಂದು ಕೆಂಪು ಹಿಡಿ. ಅದನ್ನು ಎಳೆದರೆ ಎಲ್ಲ ಸರಪಳಿಗಳೂ ನಿಲ್ಲುತ್ತವೆ. ದಾರಿ ಕುಸಿದರೆ, ಬೆಂಕಿ ಬಿದ್ದರೆ ಎಳೆಯಬಹುದು. ಬೇರೆ ಯಾವ ಕಾರಣಕ್ಕೆ ಎಳೆದರೂ ಆ ಊರಿನ ತೆರವು ರದ್ದಾಗುತ್ತದೆ. ಆ ನಿಯಮವನ್ನು ನಾನೇ ಎಲ್ಲರಿಗೂ ಓದಿ ಹೇಳಿದ್ದೆ. ಗೂಡಿನೊಳಗೆ ಹೋಗಿ ಮಂಡಳಿಗೆ ಫೋನ್ ಮಾಡಿದೆ. ಆ ಕಡೆ ಇದ್ದವಳು ಸಣ್ಣ ವಯಸ್ಸಿನ ಹೆಣ್ಣುಮಗಳು.

“ನಡುಗಡ್ಡಿ ಸುರಕ್ಷಿತ ಜಾಗ ಅಂತ ಐತ್ರೀ” ಅಂದಳು. “ಸಂಜೀ ತೆರವಿಗೆ ಕರಕೊಂಡ ಹೋಗ್ರಿ.”

“ಹನ್ನೊಂದ ತಾಸು ಬಿಸಲಾಗ ನಿಂದರಬೇಕ್ರೀ. ಅರವತ್ತೆಂಟ ವರ್ಷದವ್ರು. ನೀರಿಲ್ಲ.”

“ನನಗ ತಿಳೀತದ್ರೀ. ಆದ್ರ ನನ್ನ ಕೈಯಾಗ ಏನೂ ಇಲ್ಲ.”

ಅವಳ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. ಮತ್ತೆ ಎರಡು ಸಲ ಅವಳೇ ಫೋನ್ ಮಾಡಿ ‘ಹೆಂಗದಾರ್ರೀ’ ಎಂದು ಕೇಳಿದಳು.

ಗಾಡಿಗಳ ಸಂದಿಯಲ್ಲಿ ಗದಿಗೆಪ್ಪ ಕಂಡು ಕಂಡು ಮರೆಯಾಗುತ್ತಿದ್ದ. ಒಂಬತ್ತರ ಸುಮಾರಿಗೆ ಕೈಮಾತಿನಲ್ಲಿ ನೀರು ಕೇಳಿದ. ಕೊಡಲಾಗುವುದಿಲ್ಲ ಎಂಬುದು ನೆನಪಾಯಿತೇನೋ, ತಾನೇ ಕೈ ಬೀಸಿ ಅದನ್ನು ಅಳಿಸಿದ. ಹನ್ನೊಂದಕ್ಕೆ ರುಮಾಲು ಬಿಚ್ಚಿ ತಲೆ, ಮುಖ ಮುಚ್ಚಿಕೊಂಡ. ನಾನು ಕೆಂಪು ಹಿಡಿಯತ್ತ ತೋರಿಸಿದೆ. ಬೇಡ ಎಂದ. ಸಂಜೆಯವರೆಗೆ ಇರುತ್ತೇನೆ, ಹೊಲಕ್ಕೆ ನೀರು ಬಿಡು ಎಂದ. ಆಮೇಲೆ ಕೂತ. ಎರಡು ಅಡಿಯ ಕಟ್ಟೆಯ ಮೇಲೆ ಕೂರಬಾರದು, ಗಾಳಿ ಎಳೆಯುತ್ತದೆ. ಅದು ಅವನಿಗೂ ಗೊತ್ತಿತ್ತು.

ಇಮಾಂಬಿ ಬೆಳಗಿನಿಂದ ನನ್ನ ಪಕ್ಕ ಬಿಟ್ಟಿರಲಿಲ್ಲ. ಅವಳು ಗೂಡಿನ ಬಾಗಿಲು ಹಾಕಿ ನನ್ನ ಕಿವಿಯ ಹತ್ತಿರ ಬಂದಳು.

“ಅಕ್ಕಾ, ಎಳಿ.”

“ಊರ ದಾರಿ ಹೋಗ್ತೈತಿ ಇಮಾಂಬಿ. ಮುನ್ನೂರ ಮಂದಿ ಅದಾರ.”

“ಮುನ್ನೂರ ಮಂದಿ ನಾಳಿಗೂ ಇರ್ತಾರ. ಅಣ್ಣ ಇರೂದಿಲ್ಲ.”

“ಅವ್ರೇ ಬ್ಯಾಡ ಅಂತಾರಲ್ಲ.”

“ಅವ್ರು ಬ್ಯಾಡ ಅನ್ನೂದು ಅವ್ರ ದೊಡ್ಡಸ್ತಿಕಿ. ನೀ ಕೇಳೂದು ನಿನ್ನ ಅಂಜಿಕಿ” ಅಂದಳು. ಆಮೇಲೆ ತಾನೇ ಹಿಡಿಗೆ ಕೈ ಹಾಕಿದಳು. ನಾನು ಅವಳ ಕೈ ಸರಿಸಿದೆ. ಎಳೆಯುವುದಾದರೆ ಆ ಪಾಪ ನನ್ನ ಹೆಸರಿಗಿರಲಿ ಎಂದು ಸರಿಸಿದೆನೋ, ಇನ್ನೂ ಸ್ವಲ್ಪ ನೋಡೋಣ ಎಂದು ಸರಿಸಿದೆನೋ, ಇವತ್ತಿಗೂ ನನಗೆ ತಿಳಿಯದು. ಹಾಗೆ ಇನ್ನೂ ಒಂದೂವರೆ ತಾಸು ಕಳೆದೆ. ಅವನ ರುಮಾಲು ಗಾಳಿಗೆ ಹಾರಿಹೋಗಿ, ಅದನ್ನು ಹಿಡಿಯಲು ಅವನು ಕೈಯನ್ನೂ ಎತ್ತದಿದ್ದಾಗ ಹಿಡಿ ಎಳೆದೆ.

ಸರಪಳಿಗಳು ಪೂರ್ತಿ ನಿಲ್ಲಲು ಆರು ನಿಮಿಷ ಹಿಡಿಯಿತು. ಆಮೇಲೆ ಬಂದ ನಿಶ್ಶಬ್ದವನ್ನು ಹೇಗೆ ಹೇಳಲಿ? ತೆರವಿನ ಹೊತ್ತಿನಲ್ಲೂ ದೂರದ ಸರಪಳಿಗಳ ಸದ್ದು ಇದ್ದೇ ಇರುತ್ತಿತ್ತು, ಹುಟ್ಟಿದಂದಿನಿಂದ ನಾನು ಅಂಥದ್ದನ್ನು ಕೇಳಿರಲಿಲ್ಲ. ಆಚೆ ದಂಡೆಯಲ್ಲಿ ಯಾರದೋ ಕೋಳಿ ಕೂಗಿದ್ದು ಕೇಳಿಸಿತು. ನಾಲ್ವರು ಸೇರಿ ಅವನನ್ನು ಹೊತ್ತು ತಂದೆವು. ದವಾಖಾನೆಯಲ್ಲಿ ಕಣ್ಣು ಬಿಟ್ಟು, “ಯಾಕ ಎಳದೀ?” ಅಂದ. ನಾನು ನೀರಿನ ಲೋಟವನ್ನು ಅವನ ತುಟಿಗೆ ಹಿಡಿದೆ. ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡ. ಹೆಣವನ್ನು ಮನೆಗೆ ತರಲು ದಾರಿಯಿರಲಿಲ್ಲ, ತೆರವು ಆಗಲೇ ರದ್ದಾಗಿತ್ತು, ಹೆಣ ಹೊತ್ತ ಗಾಡಿಯನ್ನು ಕವಲಿನಲ್ಲಿ ಬಿಡುವುದಿಲ್ಲ. ಅವನ ಹೊಲದಲ್ಲೇ, ಸೇವಂತಿಗೆಯ ಸಾಲುಗಳ ತಲೆಗೆ, ಮಣ್ಣು ಮಾಡಿದೆವು. ಮೂಡಣ ದಂಡೆಯವರು ಬೇಲಿಗೆ ಆತು ನಿಂತು ನೋಡಿದರು. ನನ್ನ ಸೊಸೆಯೂ ಅಲ್ಲಿಂದಲೇ ಅತ್ತಳು.

ಬಾಡಿಗೆ ಗಾಡಿಯಲ್ಲಿ ಕವಲು ಸುತ್ತಿ ಮನೆಗೆ ಮರಳಿದಾಗ ಬೈಯುವವರು ಬೈದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ನೆರೆಮನೆಯ ಶಾಂತವೀರಪ್ಪನ ಮಗಳು ಒಂದು ದಿನವೂ ಶಾಲೆ ಬಿಟ್ಟವಳಲ್ಲ. ಅವನು ಬಾಗಿಲಲ್ಲಿ ನಿಂತು, “ಬಸಲಿಂಗವ್ವಾರ, ನಿಮ್ಮ ಮನ್ಯಾವ್ರನ್ನೂ ಉಳಿಸಲಿಲ್ಲ, ನಮ್ಮ ದಾರೀನೂ ಉಳಿಸಲಿಲ್ಲ” ಎಂದು ಮೆತ್ತಗೆ ಹೇಳಿ ಹೋದ. ಮುಂದಿನ ತಿಂಗಳು ಮನೆ ಖಾಲಿ ಮಾಡಿದ. ಎರಡು ವರ್ಷದಲ್ಲಿ ಮೂಡಣ ದಂಡೆಯ ಅರವತ್ತು ಮನೆಗಳಲ್ಲಿ ಒಂಬತ್ತು ಉಳಿದವು. ನೀರು ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುತ್ತದೆ.

ನಾನು ಸುಮ್ಮನೆ ಕೂರಲಿಲ್ಲ. ದಾರಿಯ ಕೆಳಗೆ ಒಂದು ಸುರಂಗ ಕೊಡಿ, ಇಬ್ಬರು ಜೊತೆಯಾಗಿ ನಡೆಯುವಷ್ಟು ಸಾಕು ಎಂದು ಮಂಡಳಿಗೆ ಬರೆದೆ. ಹದಿನಾಲ್ಕು ಅರ್ಜಿಯಾದ ಮೇಲೆ, ಕಳೆದ ತಿಂಗಳು ವಿಚಾರಣೆಗೆ ಕರೆದರು. ಅಧಿಕಾರಿ ಒಳ್ಳೆಯವಳು, ಗದಗದ ಕಡೆಯವಳಂತೆ. ಎರೆಬಾವಿಯ ಮೊದಲ ಕಡತವನ್ನೇ ತರಿಸಿ ನನ್ನ ಮುಂದೆ ಬಿಚ್ಚಿದಳು. ನಿಮ್ಮ ಅರ್ಜಿಯನ್ನು ನಾನು ಕಂಡದ್ದು ಅಲ್ಲಿ. ಹನ್ನೊಂದು ಸಹಿ, ಅದರಲ್ಲಿ ಎರಡು ಹೆಬ್ಬೆಟ್ಟು. ನಾಲ್ಕನೆಯದು ಚನ್ನವೀರಪ್ಪ ಹೂಗಾರ, ಬಹುಶಃ ನಮ್ಮ ಮನೆತನದವರೇ. ಕೆಳಸೇತುವೆ, ಪಕ್ಕದ ರಸ್ತೆ, ಬಸ್ ನಿಲ್ಲುವ ಜಾಗ, ಮೂರನ್ನೂ ನೀವು ಕೇಳಿದ್ದೀರಿ. ಬದಿಗೆ ಬೇರೆ ಮಸಿಯಲ್ಲಿ, ‘ಸದ್ಯಕ್ಕೆ ಅಗತ್ಯ ಕಂಡುಬಂದಿಲ್ಲ. ಅರ್ಜಿದಾರರು ಮಧ್ಯಾಹ್ನದ ಕಲಾಪಕ್ಕೆ ಹಾಜರಿರಲಿಲ್ಲ’ ಎಂದು ಬರೆದಿತ್ತು.

“ಆವಾಗ ಆಗಿದ್ರ ನಾಕ ತಿಂಗಳದ ಕೆಲಸ ಇತ್ತು, ಅಮ್ಮಾ” ಅಂದಳು ಅಧಿಕಾರಿ. “ಈಗ ಕೆಳಗ ತೋಡಬೇಕಂದ್ರ ಇಡೀ ದಾರಿ ಅರವತ್ತ ದಿನ ಬಂದ್ ಮಾಡಬೇಕು. ಎರಡ ದೊಡ್ಡ ಊರಿಗೆ ಕಾಳು, ಔಷಧ ಎಲ್ಲಾ ಇದರ ಮ್ಯಾಲೇ ಹೋಗ್ತೈತಿ. ಯಾರೂ ಸಹಿ ಹಾಕೂದಿಲ್ಲ. ನಾನೂ ಹಾಕೂದಿಲ್ಲ.”

“ಮ್ಯಾಲಿಂದ ಒಂದು ಸೇತುವಿ?”

“ಇನ್ನೂ ನಾಕ ಪಟ್ಟಿ ಬರೂದೈತ್ರಿ. ನಿಮ್ಮ ದಂಡಿ ಮನಿಗೋಳು ಅದರಾಗ ಹೋಗ್ತಾವ. ದಾಟೂ ಮಂದೀನ ಉಳಿಯೂದಿಲ್ಲ ಅಂದಮ್ಯಾಲ ಸೇತುವಿ ಯಾರಿಗೆ?”

ಅವಳು ಕಠಿಣವಾಗಿ ಹೇಳಲಿಲ್ಲ. ನೀರು ತರಿಸಿ ಕುಡಿಸಿದಳು. ನಿಮ್ಮ ಹನ್ನೊಂದು ಸಹಿಯ ಪುಟದ ಹಿಂದೆ ಒಂದು ಕಾಗದ ಸೇರಿಸಬಹುದೇ ಎಂದು ಕೇಳಿದೆ. ಯಾಕೆ ಎಂದು ಕೇಳದೆ ಒಪ್ಪಿದಳು. ಅದೇ ಈ ಕಾಗದ.

ಬುಧವಾರ ಅಳತೆಯವರು ಬರುತ್ತಾರೆ. ಆಮೇಲೆ ಮಗ ಸೊಸೆಯ ಜೊತೆ ಬ್ಯಾಡಗಿಯ ಕಡೆಗೆ ಹೋಗುತ್ತೇನೆ. ಇಮಾಂಬಿ ಈಗಲೂ ಸಂಜೆ ಆಚೆ ಬೇಲಿಗೆ ಬಂದು, ಸಮಾಧಿಯ ಹುಲ್ಲು ಕಿತ್ತೆ, ಹೂವಿಟ್ಟೆ ಎಂದು ಕೈಯಲ್ಲಿ ಹೇಳುತ್ತಾಳೆ. ನನ್ನ ಕಣ್ಣು ಮಂಜಾಗಿದೆ, ಅರ್ಧ ಊಹಿಸಿಕೊಳ್ಳುತ್ತೇನೆ. ನಾನು ಹೋಗುವ ಸುದ್ದಿಯನ್ನು ನಿನ್ನೆ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನಾಳೆಯೂ ಹೂವಿಡುತ್ತೇನೆ ಎಂದು ಕೈಯಲ್ಲಿ ಹೇಳಿ ಹೋದಳು.

ಹಿರಿಯರೇ, ನೀವು ಬುದ್ಧಿಯಿಲ್ಲದವರಲ್ಲ. ಕೇಳಬೇಕಾದ್ದನ್ನೇ ಕೇಳಿದ್ದೀರಿ. ಬೆಳಿಗ್ಗೆಯಿಂದ ಕಾಯಿಸಿರಬೇಕು, ಎರೆಹೊಲದಲ್ಲಿ ಕೆಲಸ ಕಾದಿತ್ತು, ಬಸ್ಸಿನ ವೇಳೆಯಾಗಿತ್ತು. ಅರ್ಜಿ ಕೊಟ್ಟಾಯಿತಲ್ಲ ಎಂದು ಎದ್ದು ಬಂದಿರಿ. ನಾನಾಗಿದ್ದರೂ ಎದ್ದು ಬರುತ್ತಿದ್ದೆ. ಆದರೂ ನನ್ನದೊಂದು ಬೇಡಿಕೆ. ಆ ದಿನ ಮಧ್ಯಾಹ್ನ ಏಳಬೇಡಿ. ಹಸಿವಾದರೂ ಕೂತಿರಿ, ಬಸ್ಸು ತಪ್ಪಿದರೆ ತಪ್ಪಲಿ. ಅವರು ನಿಮ್ಮೆದುರಿಗೆ ನಕ್ಷೆಯ ಮೇಲೆ ಗೆರೆ ಎಳೆಯುವವರೆಗೆ ಕೂತಿರಿ.

ನೀವು ಎದ್ದುಹೋದಿರೆಂದು ನನಗೆ ಗೊತ್ತಿದೆ. ಅದನ್ನು ಕಡತದಲ್ಲಿ ಕಣ್ಣಾರೆ ಓದಿ ಬಂದೇ ಈ ಮಾತು ಬರೆಯುತ್ತಿದ್ದೇನೆ.

ನಿಮ್ಮ ಮನೆತನದ,
ಬಸಲಿಂಗವ್ವ ಗದಿಗೆಪ್ಪ ಹೂಗಾರ