ಮೂವತ್ತೆರಡರಲ್ಲಿ ಇಪ್ಪತ್ತೊಂದು

ಬೇಕರಿಯ ಹಿಂದಿನ ಕೋಣೆ,
ಸೋಮವಾರ ಮಧ್ಯಾಹ್ನ, ತಾರೀಖು ಹನ್ನೆರಡು

ನನ್ನ ಓಟದ ಪ್ರೀತಿಯ ಕೋಚಮ್ಮಾ,

ಹೇಗಿದ್ದೀಯ? ಮಂಡಿಯ ಊತ ಪೂರ್ತಿ ಇಳಿಯಿತೇ, ಅಥವಾ ಸಂಜೆಯ ಹೊತ್ತಿಗೆ ಮತ್ತೆ ಬರುತ್ತಿದೆಯೇ? ವ್ಯಾಯಾಮ ಮಾಡಿಸುವ ಹುಡುಗಿ ಈಗಲೂ ನಿನ್ನನ್ನು ಗದರುತ್ತಾಳೋ, ಇಲ್ಲ ನೀನೇ ಅವಳನ್ನು ಗದರಲು ಶುರುಮಾಡಿದ್ದೀಯೋ? ಎರಡನೆಯದೇ ಇರಬೇಕು. ನಿನ್ನಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳು. ನಾಲ್ಕು ತಿಂಗಳಿಂದ ನಿನ್ನನ್ನು ಸಹಿಸಿಕೊಂಡಿದ್ದಾರೆ, ಅವರ ಮೇಲೆ ನನಗಿದ್ದ ಗೌರವ ದಿನೇದಿನೇ ಹೆಚ್ಚುತ್ತಿದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಬಚ್ಚಲಿನ ನಲ್ಲಿ ಸೋರುವುದು ನಿಂತಿದೆ. ನಾನು ರಿಪೇರಿ ಮಾಡಿದ್ದಕ್ಕಲ್ಲ, ತಾನಾಗಿಯೇ ನಿಂತಿತು. ಎರಡನೇ ಸರದಿಯ ಬ್ರೆಡ್ಡು ಒಲೆಯಲ್ಲಿದೆ, ನಲವತ್ತು ನಿಮಿಷ ನನ್ನದೇ. ಹಿಟ್ಟಿನ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಚೀಲವನ್ನು ಬೈ.

ಫೋನು ಕೈಯಲ್ಲಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನನ್ನ ಬಾಯಿಂದ ಹೊರಡುವುದು ಒಂದೇ ಮಾತು. ಊಟ ಮುಗಿದರೂ ಆಯ್ತು, ನೀನು ಹೇಳಿದ್ದಕ್ಕೆ ಒಪ್ಪಿದರೂ ಆಯ್ತು, ಜಗಳ ಸಾಕಾಗಿ ಎದ್ದು ಹೋಗುವಾಗಲೂ ಆಯ್ತು. ಇಪ್ಪತ್ತಾರು ವರ್ಷದಿಂದ "ಇದು ಯಾವ ಆಯ್ತು ರೀ?" ಎಂದು ಕೇಳಿ ಕೇಳಿ ನಿನಗೂ ಸುಸ್ತಾಗಿದೆ. ನಿನ್ನೆ ಹನ್ನೊಂದು ಗಂಟೆಗೆ ನೀನು "ಮೂವತ್ತೆರಡು ಆಯ್ತಾ?" ಎಂದೆ. ನಾನು "ಆಯ್ತು" ಎಂದೆ. ಆ ಕಡೆ ನೀನು ನನ್ನ ಓಟದ ಪಟ್ಟಿಯ ಮೇಲೆ ಕೆಂಪು ಪೆನ್ಸಿಲ್ ಎಳೆದ ಸದ್ದು ನನಗೆ ಕೇಳಿಸಿತು ಕಣೇ. ಆ ಗೆರೆ ಅಳಿಸಿಬಿಡು. ನಾನು ಓಡಿದ್ದು ಇಪ್ಪತ್ತೊಂದು ಕಿಲೋಮೀಟರ್. ನಿನ್ನೆ ನಾನು ಹೇಳಿದ ಆಯ್ತು, ಸಾಕಾಯ್ತು ಅನ್ನುವ ಆಯ್ತು. ನೀನು ಖುಷಿಯಿಂದ ಅಕ್ಕನನ್ನು ಕೂಗಿ ಹೇಳುವುದು ಕೇಳಿಸಿದ ಮೇಲೆ ತಿದ್ದುವ ಧೈರ್ಯ ಬರಲಿಲ್ಲ.

ಗಾಬರಿಯಾಗಬೇಡ. ಕಾಲು ನೋವಲ್ಲ, ಎದೆ ಹಿಡಿದಿದ್ದಲ್ಲ, ನೀನು ಈಗ ಮನಸ್ಸಿನಲ್ಲಿ ಎಣಿಸುತ್ತಿರುವ ಯಾವುದೂ ಅಲ್ಲ. ನಿಜ ಹೇಳಬೇಕೆಂದರೆ ಇಷ್ಟು ಹಗುರವಾಗಿ ನಾನು ಯಾವತ್ತೂ ಓಡಿರಲಿಲ್ಲ. ನೀನು ಬರೆದಂತೆಯೇ ಮೊದಲ ಹತ್ತು ನಿಧಾನಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗುಟುಕು ನೀರು. ಸ್ಕೂಲಿನ ಕಾಂಪೌಂಡು, ಸೇತುವೆ, ಕಾಲುವೆಯ ಪಕ್ಕದ ರಸ್ತೆ, ಎಲ್ಲ ದಾಟಿ ಪಂಪ್‌ಹೌಸಿನ ಹತ್ತಿರ ಬಂದಾಗ ನಿನ್ನ ಕೈಗಡಿಯಾರ ಇಪ್ಪತ್ತೊಂದು ತೋರಿಸಿತು. ಬಾಟಲಿ ಖಾಲಿಯಾಗಿತ್ತು, ಗೇಟಿನ ಬಳಿ ನಿಂತೆ.

ಅಲ್ಲಿನ ವಾಚ್‌ಮನ್ ನಿನಗೆ ಗೊತ್ತಲ್ಲ, ನೀನು ಓಡುತ್ತಿದ್ದಾಗ ಮೂರು ವರ್ಷ ಪ್ರತಿ ಭಾನುವಾರ ನೀರು ತುಂಬಿಸಿಕೊಟ್ಟವನು. ನನ್ನ ಕೈಯಲ್ಲಿದ್ದ ನಿನ್ನ ಬಾಟಲಿಯನ್ನು ನೋಡಿ ಗುರುತು ಹಿಡಿದ. "ಮೇಡಮ್ಮು ಕಾಣ್ತಾನೇ ಇಲ್ವಲ್ಲ" ಎಂದ. ಆಪರೇಷನ್ ಆಗಿದೆ, ಇನ್ನು ಓಡೋ ಹಾಗಿಲ್ಲ, ಅವಳ ಬದಲು ನಾನು ಓಡ್ತಿದ್ದೀನಿ ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಅಂತಿಟ್ಟುಕೋ. ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ, "ಓಡೋ ಹಾಗಿಲ್ಲ, ಸರಿ. ಈ ಕಡೆ ಬರೋ ಹಾಗೂ ಇಲ್ವಾ?" ಎಂದ. ಅಷ್ಟೇ. ಅವನು ಬೇರೇನನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ.

ಅವನ ಕಬ್ಬಿಣದ ಕುರ್ಚಿಯ ಮೇಲೆ ಕುಳಿತೆ. ಎರಡು ನಿಮಿಷ ಎಂದುಕೊಂಡವನು ಇಪ್ಪತ್ತು ನಿಮಿಷ ಏಳಲಿಲ್ಲ. ಅಕ್ಕನ ಮನೆಗೆ ಹೊರಡುವ ದಿನ ನೀನು ಚೀಲದ ಜಿಪ್ಪು ಎಳೆಯುತ್ತ, ನನ್ನ ಮುಖ ನೋಡದೆ ಹೇಳಿದ ಮಾತು ನೆನಪಾಯಿತು. "ಓಡ್ತಾ ಓಡಾಡಿದ ಬೀದೀಲಿ ಕುಂಟ್ತಾ ಬರಲ್ಲ ನಾನು." ಆಗ ನಾನು ಅದನ್ನು ಸಿಟ್ಟಿನ ಮಾತು ಎಂದುಕೊಂಡಿದ್ದೆ. ಅಲ್ಲಿ ವ್ಯಾಯಾಮ ಚೆನ್ನಾಗಿ ಮಾಡಿಸುತ್ತಾರೆ ಎಂದೆ ನೀನು, ನಾನು ನಂಬಿದೆ. ಒಂದು ತಿಂಗಳು ಎಂದೆ, ನಂಬಿದೆ. ಎರಡನೇ ತಿಂಗಳಲ್ಲಿ ಡಾಕ್ಟರು ಕೋಲು ಹಿಡಿದು ಎಷ್ಟು ಬೇಕಾದರೂ ನಡೆಯಬಹುದು ಎಂದದ್ದನ್ನು ಭಾವ ನನಗೆ ಹೇಳಿದರು, ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದಕ್ಕೆ ಹೊತ್ತಾದರೂ ಎಲ್ಲಿತ್ತು? ಪ್ರತಿ ಭಾನುವಾರ ನೀನು ಎಷ್ಟು ಕಿಲೋಮೀಟರ್ ಎನ್ನುತ್ತೀಯ, ನಾನು ಲೆಕ್ಕ ಒಪ್ಪಿಸುತ್ತೇನೆ, ಮುಂದಿನ ವಾರದ್ದು ನೀನು ಹೇಳುತ್ತೀಯ, ಫೋನು ಇಡುತ್ತೇವೆ. ಯಾವಾಗ ಬರ್ತೀಯ ಎಂಬ ಒಂದು ಮಾತು ಈ ನಾಲ್ಕು ತಿಂಗಳಲ್ಲಿ ನನ್ನ ಬಾಯಿಂದ ಬಂದಿಲ್ಲ. ನೀನು ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು "ಈ ಸಲದ ಮ್ಯಾರಥಾನು ನನ್ನ ಜಾಗದಲ್ಲಿ ನೀವು ಓಡಿ" ಎಂದಾಗ, ಬಸ್ಸಿನ ಹಿಂದೆ ಬಿಟ್ಟರೆ ಇನ್ನೆಲ್ಲೂ ಓಡದ ನಾನು ಒಪ್ಪಿಕೊಂಡದ್ದು ನೀನು ನಗಲಿ ಎಂದು. ಆದರೆ ನಾನು ಓಡಿದಷ್ಟೂ ನಿನಗೆ ಅಲ್ಲೇ ಕೂರಲು ಒಂದು ನೆಪ ಸಿಗುತ್ತಿದೆ. ಈ ಬುದ್ಧಿ ನನಗೆ ಐದನೇ ಕಿಲೋಮೀಟರಿನಲ್ಲೇ ಬಂದಿದ್ದರೆ ಹದಿನಾರು ಉಳಿಯುತ್ತಿತ್ತು.

ಗಡಿಯಾರದ ಗುಂಡಿ ಒತ್ತಿ ನಿಲ್ಲಿಸಿದೆ. ಇನ್ನು ಹನ್ನೊಂದು ಬಾಕಿ ಇತ್ತು, ಕಾಲಿನಲ್ಲಿ ಶಕ್ತಿಯೂ ಇತ್ತು, ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬಂದೆ. ಬೆವರಿಗೆ ನೆಂದ ಬನಿಯನ್, ಕೈಯಲ್ಲಿದ್ದ ಬಾಟಲಿ ನೋಡಿ ಕಂಡಕ್ಟರು "ಏನ್ ಸಾರ್, ರೇಸು ಬಸ್ಸಲ್ಲೇ ಮುಗಿಸ್ತೀರಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ತೆರೆದಾಗ ಒಳಗಿನಿಂದ ಯಾರೂ ಎಷ್ಟು ಹೊತ್ತಾಯ್ತು ಎಂದು ಕೇಳಲಿಲ್ಲ. ನನಗೆ ನೀನಿಲ್ಲದೆ ತುಂಬಾ ಬೇಜಾರಾಗಿದೆ. ಇದನ್ನು ಹೇಳಲು ಇಷ್ಟು ಉದ್ದ ಬರೆಯಬೇಕಾಯಿತು ನೋಡು.

ನೀನು ಕೋಲು ಹಿಡಿದು ಬಂದರೆ ನಮ್ಮ ಬೀದಿಯವರು ನೋಡುತ್ತಾರೆ, ಇಲ್ಲವೆನ್ನುವುದಿಲ್ಲ. ಇಸ್ತ್ರಿ ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡುತ್ತಾನೆ, ಎದುರುಮನೆಯ ಟೀಚರು ಗೇಟಿಗೇ ಬಂದು ವಿಚಾರಿಸುತ್ತಾರೆ. ಎರಡು ದಿನ ನೋಡುತ್ತಾರೆ, ಮೂರನೇ ದಿನ ಅವರವರ ಕೆಲಸ ಅವರವರಿಗೆ. ಈ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಓಡುವ ನನ್ನನ್ನೇ ನೋಡಿ ಮುಗಿಸಿದ್ದಾರೆ.

ನಿನಗೆ ಸಿಟ್ಟು ಬಂದರೆ ಬೈ, ಆದರೆ ಫೋನು ಆಫ್ ಮಾಡಬೇಡ. ಒಲೆಯ ಗಂಟೆ ಹೊಡೆಯಿತು, ಏಳಬೇಕು. ಔಷಧಿ ತಪ್ಪಿಸಬೇಡ, ಬಿಸಿನೀರಿನ ಶಾಖ ಬಿಡಬೇಡ.

ಸುಳ್ಳು ಹೇಳಿ ಒಂದು ದಿನವೂ ದಕ್ಕಿಸಿಕೊಳ್ಳಲಾಗದ,
ನಿನ್ನ ಗಂಡ

ಮರೆತಿದ್ದೆ: ಬೆಳಿಗ್ಗೆ ಮ್ಯಾರಥಾನಿನ ಕಚೇರಿಗೆ ಹೋಗಿದ್ದೆ. ಓಟದ ದಿನವೇ ಐದು ಕಿಲೋಮೀಟರ್ ನಡಿಗೆಯೂ ಇದೆಯಂತೆ. ಕೋಲಿಗೆ ಅಡ್ಡಿಯಿಲ್ಲ, ಹೊತ್ತಿನ ಮಿತಿಯೂ ಇಲ್ಲ, ಕೇಳಿಕೊಂಡು ಬಂದೆ. ದೊಡ್ಡ ಓಟದಿಂದ ನನ್ನ ಹೆಸರು ತೆಗೆಸಿಲ್ಲ, ಓಡುವುದೋ ಬಿಡುವುದೋ ನೀನು ಹೇಳಿದಂತೆ. ನಡಿಗೆಯ ಫಾರಂ ಇದರೊಳಗಿದೆ. ಇಬ್ಬರಿಗೆ ಜಾಗವಿದೆ, ನನ್ನ ಸಹಿ ಹಾಕಿದ್ದೇನೆ. ಮುಂದಿನ ಶುಕ್ರವಾರ ಐದು ಗಂಟೆಯೊಳಗೆ ಅವರ ಕೈ ಸೇರಬೇಕಂತೆ. ಅಂಚೆಯನ್ನು ನಂಬಬೇಡ, ನೀನೇ ತಂದುಕೊಡು.