ನೀರಿನ ಎಲುಬು

ಬನಹಟ್ಟಿ
11 ಮಾರ್ಚ್ 2004

ಪ್ರೀತಿಯ ದುಂಡೇಶಣ್ಣಾ,

ಇಚಲಕರಂಜಿಯ ಮಗ್ಗದ ಧೂಳಿಗೆ ಹತ್ತಿದ ನಿನ್ನ ಕೆಮ್ಮು ಇಳಿಯಿತೇ? ಬಾಯಿಗೆ ವಸ್ತ್ರ ಕಟ್ಟಿಕೋ; ಮಾಲೀಕ ನಕ್ಕರೆ ನಗಲಿ. ಅವ್ವ ಆರಾಮ ಇದ್ದಾಳೆ. ಅಪ್ಪನ ವಿಷಯ ಬರೆಯಲೇಬೇಕು.

ಅಪ್ಪನ ಮೊಣಕಾಲಿನ ಕೆಳಗಿನ ಎಲುಬು ದಪ್ಪಗಾಗಿ, ಬೆನ್ನು ಹಲಗೆಯಂತೆ ಸೆಟೆದಾಗ, ಇದು ಬೋರಿನ ನೀರಿನ ಫ್ಲೋರೈಡ್ ಎಂದು ತೀರ್ಪು ಕೊಟ್ಟವಳು ನಾನೇ. ನಮ್ಮ ನೀರಿನ ಹೋರಾಟದ ಸಂಘದ ಕರಪತ್ರದಲ್ಲಿ ಹಾಗೇ ಇತ್ತು. ಜಮಖಂಡಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಎಲುಬು ಸುಣ್ಣ ಬಳಿದಷ್ಟು ಬಿಳುಪಾಗಿತ್ತು. ಅದನ್ನು ತಹಶೀಲ್ದಾರ ಕಚೇರಿಯ ಮುಂದೆ ಬಿಸಿಲಿಗೆ ಹಿಡಿದು ಭಾಷಣ ಮಾಡಿದೆ. ಅಪ್ಪ ಪಕ್ಕದಲ್ಲಿ ಕೋಲೂರಿಕೊಂಡು ಹೆಮ್ಮೆಯಿಂದ ನಿಂತಿದ್ದ.

ಅವನ ಉಚ್ಚೆ ಕೆಂಪಾಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿದವನಲ್ಲವೇ! "ಅಮಸಿದ್ಯಾ, ನೂಲು ಅದರಾಗ ಅದ್ದಲೇ, ಮಾಲಕಗ ಬಣ್ಣರೆ ಉಳೀತೈತಿ" ಎಂದು ಜೊತೆಯವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅವ್ವ ಮಾತ್ರ "ದೊಡ್ಡ ದವಾಖಾನಿಗಿ ತೋರಸೂನು ಬೇ" ಎಂದಳು. "ನೀರು ಬದಲಾದರ ಎಲ್ಲಾ ಛಲೋ ಆಗತೈತಿ, ನಿನಗೇನ ತಿಳೀತೈತಿ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಅಪ್ಪ ಏಳಲಾರದೆ ಹೋದ ಮೇಲೆ ಬೆಳಗಾವಿಗೆ ಒಯ್ದೆ. ಎಲುಬಿನ ಚೂರು ತೆಗೆದು ನೋಡಿದರು. ಮೂತ್ರಕೋಶದ ಕ್ಯಾನ್ಸರ್, ಎಲುಬಿಗೆ ಹರಡಿದೆ. ಎಷ್ಟೋ ಜನರಲ್ಲಿ ಅದು ಎಲುಬನ್ನು ತಿನ್ನುತ್ತದಂತೆ. ಅಪ್ಪನಲ್ಲಿ ಎಲುಬಿನ ಮೇಲೆ ಎಲುಬು ಕಟ್ಟಿದೆ. ಅಪರೂಪವೆಂದು ಡಾಕ್ಟರರು ವಿದ್ಯಾರ್ಥಿಗಳನ್ನು ಕರೆದು ತೋರಿಸಿದರು. ಬಣ್ಣದ ಕೆಲಸದವರಿಗೆ ಈ ರೋಗ ಬರುವುದುಂಟು ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಉಚ್ಚಿ ಕೆಂಪಾಗಿ ಎಷ್ಟ ದಿನ ಆತು?" ಎಂದು ಕೇಳಿದರು. ಎರಡು ವರ್ಷ ಎಂದೆ. "ಎರಡ ವರ್ಷ ಬರೇ ಎಲುಬ ತೋರಿಸ್ಕೋತ ತಿರಗೀರೇನವಾ?"

ಬರುವಾಗ ದಾರಿಯಲ್ಲಿ ಅಪ್ಪ ಕೇಳಿದ: "ನೀರಿಂದನ ಅಂದರಿಲ್ಲೋ, ಯವ್ವಾ?" ಹೂಂ ಎಂದೆ. "ನನ್ನ ಮಗಳು ಡಾಕ್ಟರಗಿಂತ ಮೊದಲ ಹೇಳಿದ್ಲ ನೋಡಪಾ" ಎಂದು ಅವನು ಟ್ಯಾಕ್ಸಿಯವನಿಗೆ ಹೇಳಿದ.

ಬೀರಪ್ಪ ನಿನ್ನ ಬೆನ್ನಿಗಿರಲಿ ಎಂದು ಅವ್ವ ಬರೆಸುತ್ತಿದ್ದಾಳೆ. ನನ್ನದು ಬರೀ ನಮಸ್ಕಾರ.

ನಿನ್ನ ತಂಗಿ,
ರೇಷ್ಮಾ

ತಾ.ಕ.: ಇಪ್ಪತ್ತೆರಡಕ್ಕೆ ಬಾಗಲಕೋಟೆಯ ಸಾಹೇಬರು ಓಣಿಯ ನೀರು ನೋಡಲು ಬರುತ್ತಾರೆ. ಆ ನೀರು ಕೆಟ್ಟದ್ದು, ಅದಂತೂ ಖರೆ. ಸಂಘದವರು ಅಪ್ಪನನ್ನು ಕುರ್ಚಿಯಲ್ಲಿ ಹೊತ್ತು ತಂದು ಮುಂದೆ ಕೂರಿಸಬೇಕೆನ್ನುತ್ತಾರೆ; ಅವನು ಆಗಲೇ ತಲೆಗೆ ಸುತ್ತುವ ಬಿಳಿ ಪಟಗಾ ಒಗೆಸಿಟ್ಟಿದ್ದಾನೆ. ಉಳಿದಿರುವುದು ಒಂದು ತಿಂಗಳು ಎಂದಿದ್ದಾರೆ ಡಾಕ್ಟರರು. ನಾನು ಯಾರಿಗೂ ಹೇಳಿಲ್ಲ, ಅವ್ವನಿಗೂ. ಇಪ್ಪತ್ತೊಂದರೊಳಗೆ ಬಾ. ಬಂದು ಅಪ್ಪನಿಗೆ ನಿಜ ಹೇಳು, ಇಲ್ಲವೇ ಕುರ್ಚಿಯ ಇನ್ನೊಂದು ಬದಿ ಹಿಡಿ.